ಜನವರಿಲಿ ಹಾಂಗ್‌ಕಾಂಗ್, ಕೈಲಿ ನಾಲ್ಕೇ ದಿನ, ಕ್ಯಾಮೆರಾ ಎತ್ಕೊಂಡು ಎಲ್ಲಿಗೆ ಹೋಗ್ಲಿ?

ಸಂತೆಪೇಟೆ ಶಶಿ

ಎಲ್ರಿಗೂ ನಮಸ್ಕಾರ. ಆಫೀಸ್ ಕೆಲ್ಸದ ಮೇಲೆ ಹಾಂಗ್‌ಕಾಂಗ್‌ಗೆ ಕಳಿಸ್ತಿದಾರೆ, ಮೂರು ದಿನ ಮೀಟಿಂಗು, ಅದಾದ್ಮೇಲೆ ನಾನೇ ನಾಲ್ಕು ದಿನ ರಜ ಹಾಕಿ ಉಳ್ಕೋತಿದೀನಿ. ಮನೇಲಿ ಮೀಟಿಂಗೇ ಏಳು ದಿನ ಅಂತ ಹೇಳಿದೀನಿ, ಇಲ್ಲಿ ಯಾರಾದ್ರೂ ನಮ್ಮ ಹಾಸನದವ್ರು ಇದ್ರೆ ದಯವಿಟ್ಟು ಬಾಯ್ಬಿಡ್ಬೇಡಿ.

ನಾನು ಫೋಟೋ ತೆಗ್ಯೋದು ಕಲ್ತಿದ್ದೆಲ್ಲ ಬೆಂಗಳೂರು ಕೆ.ಆರ್. ಮಾರ್ಕೆಟ್ಟಲ್ಲಿ. ಭಾನುವಾರ ಬೆಳಗಿನ ಜಾವ ಐದಕ್ಕೆ ಹೂವಿನ ಅಂಗಡಿ ಸಾಲಿಗೆ ಹೋಗಿ ನಿಂತ್ಕೊಂಡು, ಎಂಟೂವರೆಗೆ ಮನೆಗೆ ಬಂದು ತಿಂಡಿ ತಿಂದು ಮಲಗೋದು, ಮೂರು ವರ್ಷದಿಂದ ಇದೇ ಅಭ್ಯಾಸ. ಅಲ್ಲಿ ಭಯ ಇಲ್ಲ, "ಅಕ್ಕ ಒಂದ್ ಫೋಟೋ" ಅಂದ್ರೆ ಒಬ್ರು ನಗ್ತಾರೆ, ಇನ್ನೊಬ್ರು "ಮೊದ್ಲು ಹೂವ ತಗೊ" ಅಂತಾರೆ, ಎರಡೂ ಸರಿನೇ. ಹಾಂಗ್‌ಕಾಂಗಲ್ಲಿ ಭಾಷೆ ಬರಲ್ಲ, ಜನ ಸಿಡುಕು ಅಂತಾನೂ ಕೇಳಿದೀನಿ, ಅದಕ್ಕೇ ಸ್ವಲ್ಪ ಅಳುಕು.

ಕ್ಯಾಮೆರಾ ಫ್ಯೂಜಿ ಕ್ರಾಪ್ ಸೆನ್ಸರ್, 18-55 ಕಿಟ್ ಲೆನ್ಸು, 23 ಎಂಎಂ ಪ್ರೈಮು, ಜೊತೆಗೆ ಫ್ರೆಂಡ್ ಹತ್ರ 10-24 ಅಲ್ಟ್ರಾವೈಡ್, ಅದೇ ತೀರಾ ಅಗಲಕ್ಕೆ ನೋಡೋ ಲೆನ್ಸು, ಕಡ ಕೇಳಿದೀನಿ, ಕೊಡ್ತಾನೆ ಅನ್ಸುತ್ತೆ. ಟ್ರೈಪಾಡ್ ತಗೊಂಡು ಹೋಗ್ಲಾ ಬೇಡ್ವಾ? ನನ್ನ ಪಟ್ಟಿಲಿ ಈಗ ಮಾನ್‌ಸ್ಟರ್ ಬಿಲ್ಡಿಂಗ್ ಅನ್ನೋ ಒತ್ತೊತ್ತು ಮನೆಗಳ ಕಟ್ಟಡ, ಕಾಮನಬಿಲ್ಲಿನ ಬಣ್ಣದ ಆ ಅಪಾರ್ಟ್‌ಮೆಂಟು, ವಿಕ್ಟೋರಿಯಾ ಪೀಕ್ ಬೆಟ್ಟದ ಮೇಲಿಂದ ರಾತ್ರಿ ಸಿಟಿ, ಮಾಂಗ್ ಕಾಕ್ ನಿಯಾನ್ ಬೋರ್ಡು, ಹಿಂಗೆ ಹದಿನಾಲ್ಕು ಜಾಗ ಇದೆ. ನಾಲ್ಕು ದಿನಕ್ಕೆ ಹದಿನಾಲ್ಕು ಆಗುತ್ತಾ? ಹೋಗಿ ಬಂದವ್ರು ಹೇಳಿ.

ಡಿಂಗ್‌ಡಿಂಗ್ ಕಾವ್ಯ

ಶಶಿ ಅವ್ರೇ, ನಾನು ಇಲ್ಲಿ ಹಾಂಗ್‌ಕಾಂಗಿನ ನಾರ್ತ್ ಪಾಯಿಂಟಲ್ಲಿ ಒಂಬತ್ತು ವರ್ಷದಿಂದ ಇದೀನಿ, ಊರು ತುಮಕೂರು. ಮೊದ್ಲು ಕಾಗದ ಪತ್ರದ ವಿಷ್ಯ ಹೇಳಿಬಿಡ್ತೀನಿ, ಆಮೇಲೆ ಫೋಟೋ. ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಹದಿನಾಲ್ಕು ದಿನದವರ್ಗೆ ವೀಸಾ ಬೇಡ, ಆದ್ರೆ ಹೊರಡೋ ಮುಂಚೆ ಆನ್‌ಲೈನಲ್ಲಿ ಪ್ರೀ-ಅರೈವಲ್ ರಿಜಿಸ್ಟ್ರೇಶನ್ ಮಾಡ್ಲೇಬೇಕು, ದುಡ್ಡಿಲ್ಲ. ಆ ಚೀಟಿ ಪ್ರಿಂಟ್ ತಗೊಂಡು ಇಟ್ಕೊಳ್ಳಿ. ಬೆಂಗಳೂರಲ್ಲಿ ಚೆಕ್-ಇನ್ ಕೌಂಟರಲ್ಲೇ ಕೇಳ್ತಾರೆ, ಇಲ್ಲ ಅಂದ್ರೆ ಅಲ್ಲೇ ನಿಲ್ಲಿಸ್ತಾರೆ.

ಈಗ ನಿಮ್ಮ ಹದಿನಾಲ್ಕು ಜಾಗ. ಆಗುತ್ತೆ, ಯಾಕಾಗಲ್ಲ, ಮೆಟ್ರೋ ಎಲ್ಲಾ ಕಡೆ ಹೋಗುತ್ತೆ. ಆದ್ರೆ ನಾಲ್ಕು ದಿನದಲ್ಲಿ ಮುಕ್ಕಾಲು ಪಾಲು ನೆಲದಡಿಲೇ ಕಳೀತೀರ, ಮೇಲೆ ಬಂದು ಎಲ್ರೂ ತೆಗೆದಿರೋ ಅದೇ ಫೋಟೋ ತೆಗೆದು ಮತ್ತೆ ಕೆಳಗೆ ಇಳೀತೀರ. ಇಲ್ಲಿ ನೋಡ್ಬೇಕಾದ್ದು ಟ್ರಾಮಲ್ಲಿ ಕೂತ್ಕೊಂಡು. 1904ರಿಂದ ಓಡ್ತಿದೆ, ಎರಡು ಅಂತಸ್ತಿಂದು, ಬೆಲ್ ಹೊಡ್ಯೋ ಸದ್ದಿಗೇ ಇಲ್ಲಿಯವ್ರು ಡಿಂಗ್ ಡಿಂಗ್ ಅಂತಾರೆ. ಹಿಂದಿನ ಬಾಗಿಲಿಂದ ಹತ್ತಿ, ಸೀದಾ ಮಹಡಿಗೆ ಹೋಗಿ, ಎದುರಿನ ಕಿಟಕಿ ಸೀಟು ಸಿಕ್ರೆ ಬಿಡ್ಬೇಡಿ, ಕಿಟಕಿ ಗಾಜು ಇಳಿಸಬಹುದು. ಇಳ್ಯೋವಾಗ ಮುಂದಿನ ಬಾಗಿಲಲ್ಲಿ ಆಕ್ಟೋಪಸ್ ಕಾರ್ಡ್ (ನಮ್ಮ ಮೆಟ್ರೋ ಕಾರ್ಡ್ ತರದ್ದು) ಒತ್ತೋದು. ಎಷ್ಟು ದೂರ ಹೋದ್ರೂ ಒಂದೇ ರೇಟು, ಮೂರು ಡಾಲರ್ ಚಿಲ್ರೆ. ಹೆಚ್ಚು ಕಮ್ಮಿ ನಮ್ಮ ಆಟೋ ಮಿನಿಮಮ್ಮಿನಷ್ಟೇ.

ಟ್ರಾಮ್ ಹಣೆ ಮೇಲೆ ನಾರ್ತ್ ಪಾಯಿಂಟ್ ಅಂತ ಬರೆದಿರೋದೇ ಹತ್ತಿ. ಯಾಕಂದ್ರೆ ಅದು ಮಾತ್ರ ಮೇನ್ ರೋಡ್ ಬಿಟ್ಟು ಚುನ್ ಯೆಂಗ್ ಸ್ಟ್ರೀಟ್ ಅನ್ನೋ ಸಂತೆ ಒಳಗೆ ನುಗ್ಗುತ್ತೆ. ಎರಡೂ ಕಡೆ ಸೊಪ್ಪು, ಮೀನು, ಹಂದಿ ಮಾಂಸ, ಒಣಗಿಸಿದ ಸೀಗಡಿ, ತಳ್ಳುಗಾಡಿ, ಮಧ್ಯೆ ರೈಲು ಕಂಬಿ, ಕಂಬಿ ಮೇಲೇ ಜನ ಚೌಕಾಸಿ ಮಾಡ್ತಾ ನಿಂತಿರ್ತಾರೆ. ಟ್ರಾಮ್ ಆಳು ನಡ್ಯೋ ಸ್ಪೀಡಲ್ಲಿ ಬಂದು ಎರಡು ಸಲ ಬೆಲ್ ಹೊಡೆದ್ರೆ ಜನ ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರೀತಾರೆ, ಹಿಂದೆ ತಿರುಗೂ ನೋಡಲ್ಲ. ಟ್ರಾಮ್ ಹೋಗಿದ್ದೇ ತಡ ಮತ್ತೆ ಅದೇ ಜಾಗಕ್ಕೆ ಬಂದು ಚಿಲ್ರೆ ಎಣಿಸ್ತಾರೆ. ಕೆ.ಆರ್. ಮಾರ್ಕೆಟ್ಟಲ್ಲಿ ಮೂರು ವರ್ಷ ನಿಂತವ್ರಿಗೆ ಈ ಜಾಗ ಹೊಸದೇನಲ್ಲ, ಸೀದಾ ಇಲ್ಲಿಗೆ ಬನ್ನಿ.

ಅಂದಹಾಗೆ ಬಂದರು ದಾಟಿಸೋ ಸ್ಟಾರ್ ಫೆರಿ ದೋಣಿಲೂ ಕೂತ್ಕೊಳ್ಳಿ, ಕೆಳಗಿನ ಡೆಕ್ಕಲ್ಲಿ, ಇಂಜಿನ್ ವಾಸನೆ ಹೊಡೆಯುತ್ತೆ ಆದ್ರೆ ನೀರು ಹತ್ರ. ಅದನ್ನ 1888ರಲ್ಲಿ ಶುರು ಮಾಡಿದ್ದು ಒಬ್ಬ ಪಾರ್ಸಿ, ದೊರಾಬ್ಜಿ ನವರೋಜಿ ಮಿಠಾಯಿವಾಲ. ಹೆಸ್ರೇ ಮಿಠಾಯಿವಾಲ ನೋಡಿ! ಇದನ್ನ ಕೇಳಿದಾಗ್ಲೆಲ್ಲ ನಂಗೆ ಏನೋ ಖುಷಿ.

ಬೆಳಕಿನ ಬೇಟೆ

ಮೇಡಂ ಹೇಳೋದೆಲ್ಲ ಸರಿ ಆದ್ರೆ ಗುರು, ಅಷ್ಟು ದೂರ ಹೋಗಿ ಮಾನ್‌ಸ್ಟರ್ ಬಿಲ್ಡಿಂಗ್ ಬಿಟ್ಟು ಬಂದ್ರೆ ಹಂಪಿಗೆ ಹೋಗಿ ಕಲ್ಲಿನ ರಥ ನೋಡದೆ ಬಂದಂಗೆ. ತಾಯ್ ಕೂ ಸ್ಟೇಷನಲ್ಲಿ ಇಳಿದ್ರೆ ಐದು ನಿಮಿಷ ನಡಿಗೆ. ನಾನು ಎರಡು ವರ್ಷದ ಹಿಂದೆ ಹೋಗಿದ್ದೆ, ಅಂಗಳದಲ್ಲಿ ನಿಂತು ಕತ್ತು ಮೇಲೆತ್ತಿ 10 ಎಂಎಂನಲ್ಲಿ ಒಂದು ಕ್ಲಿಕ್, ಆ ಫೋಟೋಗೆ ಬಂದ ಲೈಕು ನನ್ನ ಮದುವೆ ಫೋಟೋಗೂ ಬಂದಿಲ್ಲ. ಅಲ್ಟ್ರಾವೈಡ್ ತಗೊಂಡ್ಹೋಗಿ, ಬೆಳಗ್ಗೆ ಬೇಗ ಹೋಗಿ, ಹತ್ತೇ ನಿಮಿಷದ ಕೆಲ್ಸ.

ಡಿಂಗ್‌ಡಿಂಗ್ ಕಾವ್ಯ

@ಬೆಳಕಿನ ಬೇಟೆ, ಆ ಅಂಗಳದಲ್ಲಿ ಫೋಟೋ ತೆಗೀಬೇಡಿ ಅಂತ ಬೋರ್ಡ್ ಹಾಕಿದಾರೆ, ನೀವು ನೋಡ್ಲಿಲ್ವೋ ನೋಡಿದ್ರೂ ನೋಡ್ದಂಗೆ ಬಂದ್ರೋ ಗೊತ್ತಿಲ್ಲ. ಅದು ಐದು ಬ್ಲಾಕ್ ಅಂಟಿಸಿ ಕಟ್ಟಿರೋ ಮನೆಗಳು, ಸಾವಿರಾರು ಜನ ಅಲ್ಲೇ ಬಟ್ಟೆ ಒಣಗಿಸ್ಕೊಂಡು ಅಡುಗೆ ಮಾಡ್ಕೊಂಡು ಇದಾರೆ, ಅಂಗಳ ಅವ್ರದ್ದೇ ಖಾಸಗಿ ಜಾಗ. ನನ್ನ ಜೊತೆ ಕೆಲ್ಸ ಮಾಡೋ ಒಬ್ರ ಅತ್ತೆ ಅಲ್ಲಿದ್ದಾರೆ, ತರಕಾರಿ ಬ್ಯಾಗ್ ಹಿಡ್ಕೊಂಡು ಮನೆ ಬಾಗಿಲಿಗೆ ಹೋಗೋಕೆ ದಿನಾ "ಎಕ್ಸ್‌ಕ್ಯೂಸ್ ಮಿ" ಅಂತ ಹತ್ತು ಸಲ ಹೇಳ್ಬೇಕಂತೆ, ಯಾರೋ ನೆಲದ ಮೇಲೆ ಅಂಗಾತ ಮಲಗಿ ಫೋಟೋ ತೆಗೀತಿರ್ತಾರಂತೆ. ನಿಮ್ಮ ಮಲ್ಲೇಶ್ವರಂ ವಠಾರಕ್ಕೆ ಬಸ್ಸಲ್ಲಿ ಬಂದು ಹಂಗೆ ಮಲಗಿದ್ರೆ ನೀವೇನ್ಮಾಡ್ತಿದ್ರಿ?

ಕಾಮನಬಿಲ್ಲಿನ ಅಪಾರ್ಟ್‌ಮೆಂಟು ಅಂದ್ರೆ ಚೋಯ್ ಹುಂಗ್ ಎಸ್ಟೇಟ್. ಆ ಹೆಸ್ರಿಗೇ ಕಾಮನಬಿಲ್ಲು ಅಂತ ಅರ್ಥ, 1960ರ ದಶಕದ ಮೊದಲ ಅರ್ಧದಲ್ಲಿ ಸರ್ಕಾರ ಕಟ್ಟಿದ್ದು. ಕಾರ್ ಪಾರ್ಕಿಂಗ್ ಮೇಲಿನ ಬಾಸ್ಕೆಟ್‌ಬಾಲ್ ಕೋರ್ಟಿಂದ ಎಲ್ರೂ ತೆಗೀತಾರೆ. ಅದನ್ನ ಹಂತ ಹಂತವಾಗಿ ಕೆಡವಿ ಹೊಸದು ಕಟ್ಟೋ ಪ್ಲಾನ್ ಆಗಿದೆ, ಹಾಗಾಗಿ ನೋಡೋದಾದ್ರೆ ಈಗ್ಲೇ ನೋಡಿ. ಆದ್ರೆ ಕೋರ್ಟಲ್ಲಿ ಹುಡುಗ್ರು ಆಡ್ತಿದ್ರೆ ಆಟ ನಿಲ್ಲಿಸಿ ಅಂತ ಕೇಳ್ಬೇಡಿ, ಆಡೋದನ್ನೇ ತೆಗೀರಿ, ಫೋಟೋ ಅದ್ರಲ್ಲೇ ಇದೆ.

ಬೆಳಕಿನ ಬೇಟೆ

ಸರಿ ಮೇಡಂ ತಪ್ಪಾಯ್ತು. ಬೋರ್ಡ್ ಇತ್ತು. ನೋಡಿದ್ದೆ.

ಇಟ್ಟಂಗಿ ಮಾಸ್ತರ

ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಂವ, ಆರ್ಕಿಟೆಕ್ಚರ್ ಹುಡುಗೂರಿಗೆ ಪಾಠ ಮಾಡ್ತೀನಿ, ಎರಡು ಸಲ ಹುಡುಗೂರನ್ನ ಕರಕೊಂಡು ಅಲ್ಲಿಗೆ ಹೋಗಿದ್ದೆ. ಎಲ್ಲಾರೂ ಎತ್ತರದ್ದ ಹೇಳಾಕತ್ತೀರಿ, ನಾ ಸ್ವಲ್ಪ ಗಿಡ್ಡ ಮನಿಗೋಳ ಬಗ್ಗೆ ಹೇಳ್ತೀನಿ ನೋಡ್ರಿ.

ಅಲ್ಲಿ ಹಳೀ ಮನಿಗೆ ತೊಂಗ್ ಲಾವ್ ಅಂತಾರ. ಕೆಳಗ ಅಂಗಡಿ, ಮ್ಯಾಲ ಮೂರೋ ನಾಕೋ ಅಂತಸ್ತು ಮನಿ, ಲಿಫ್ಟ್ ಇಲ್ಲ. ನಮ್ಮ ಪ್ಯಾಟಿ ಮನಿಗತೇನ. ಅಗಲ ನೋಡಿದ್ರ ಬರೇ ಹದಿನೈದು ಅಡಿ ಆಸುಪಾಸು, ಒಳಗ ಮಾತ್ರ ಉದ್ದಕ ಹೊಕ್ಕೋತ ಹೋಗ್ತದ. ಯಾಕ ಅಷ್ಟ ಅಗಲ ಅಂದ್ರ ಅಡ್ಡ ತೊಲಿಗೆ ಬಳಸೋ ಚೀನಾ ಫರ್ ಮರದ ಉದ್ದನ ಅಷ್ಟು. ಮರ ಎಷ್ಟು ಉದ್ದೋ ಮನಿ ಅಷ್ಟ ಅಗಲ, ಲೆಕ್ಕ ಮುಗೀತು. ಆಮ್ಯಾಲ ಕಾಂಕ್ರೀಟ್ ಬಂತು, ಆದ್ರ ಜಾಗಾದ ಪಟ್ಟಿ ಮೊದಲಿಂದ ಸಣ್ಣದಾಗಿ ಕೊಯ್ದದ್ದಲ್ಲೇನ್ರಿ, ಹಂಗಾಗಿ ಇವತ್ತಿಗೂ ಓಣ್ಯಾಗ ನಿಂತು ನೋಡಿದ್ರ ಹೊಸಾ ಬಿಲ್ಡಿಂಗಿಗೂ ಅದ ತಾಳ ಕಾಣ್ತದ, ಪೆನ್ಸಿಲ್ ನಿಂದ್ರಿಸಿದಂಗ. ಫೋಟೋದಾಗ ಈ ತಾಳ ಹಿಡೀರಿ.

ಮಾಂಗ್ ಕಾಕ್‌ದಾಗ ಲಾಯ್ ಚಿ ಕಾಕ್ ರೋಡ್ ಮೂಲಿಗೆ ಲುಯ್ ಸೆಂಗ್ ಚುನ್ ಅಂತ ಒಂದು ಮನಿ ಅದ, 1931ರದ್ದು. ಮೂಲಿಗೆ ತಕ್ಕಂಗ ಪಡಸಾಲಿ ದುಂಡಗ ತಿರುವ್ಯಾರ, ಫುಟ್‌ಪಾತ್ ಮ್ಯಾಲ ಕಂಬ, ಕಂಬದ ಮ್ಯಾಲ ಮನಿ ಚಾಚಿ ನಿಂತದ, ಕೆಳಗ ಹಾದು ಹೋಗೋರಿಗೆ ಮಳಿಗೂ ನೆಳ್ಳು ಬಿಸಲಿಗೂ ನೆಳ್ಳು. ಮೊದಲ ಕೆಳಗ ಔಷಧಿ ಅಂಗಡಿ ಇತ್ತು, ಮನಿತನದವರು ಸರಕಾರಕ್ಕ ಬಿಟ್ಟುಕೊಟ್ರು, ಈಗ ಚೀನೀ ವೈದ್ಯದ ದವಾಖಾನಿ ನಡೀತದ. ವಾನ್ ಚಾಯ್‌ದಾಗಿನ ನೀಲಿ ಮನಿ ಸೈತ ನೋಡ್ರಿ, 1920ರ ದಶಕದ್ದು. ನೀಲಿ ಯಾಕ ಅಂತ ಕೇಳಿದ್ರ, ಸರಕಾರದವರು ಬಣ್ಣ ಹಚ್ಚಾಕ ಬಂದಾಗ ಗೋದಾಮಿನ್ಯಾಗ ಉಳದದ್ದು ನೀಲಿ ಒಂದ ಅಂತ, ಹಂಗಂತ ಅಲ್ಲಿ ಮಂದಿ ಹೇಳ್ತಾರ. ಅದನ್ನ ರಿಪೇರಿ ಮಾಡೋವಾಗ ಒಳಗಿದ್ದ ಬಾಡಿಗಿ ಮಂದಿನ್ನ ಹೊರಗ ಹಾಕಲಿಲ್ಲ, ಅವರನ್ನ ಅಲ್ಲೇ ಇಟಗೊಂಡ ಮಾಡ್ಯಾರ, 2017ರಾಗ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂತು ಅದಕ್ಕ.

ಇನ್ನೊಂದು. ಕೌಲೂನ್ ಸಿಟಿ ಅನ್ನೋ ಕಡೆ ಮನಿ ಯಾಕ ಗಿಡ್ಡ ಅದಾವ ಅಂದ್ರ 1998ರ ತನಕ ಕಾಯ್ ತಕ್ ವಿಮಾನ ನಿಲ್ದಾಣ ಬಾಜೂಕ ಇತ್ತು, ವಿಮಾನ ಮಾಳಿಗಿ ಮ್ಯಾಲ ಹಾಯ್ದು ಹೋಗ್ತಿದ್ವು, ಎತ್ತರ ಕಟ್ಟಾಕ ಬಿಡ್ತಿದ್ದಿಲ್ಲ. ಈಗ ನಿಲ್ದಾಣ ಹೋತು, ಗಿಡ್ಡ ಮನಿ ಒಂದೊಂದ ಕೆಡವಿ ಟವರ್ ಏಳಾಕತ್ತಾವ. ಅದ ಓಣ್ಯಾಗ ಐದಂತಸ್ತಿನ ಹಳೀ ಮನಿ, ಅದರ ಬೆನ್ನಿಗೆ ಹೊಸಾ ಗಾಜಿನ ಟವರ್, ಎರಡೂ ಒಂದ ಚೌಕಟ್ಟಿನ್ಯಾಗ ಬರ್ತಾವ. ಇಂಥಾ ಫೋಟೋ ಹತ್ತು ವರ್ಷ ಬಿಟ್ಟು ಹೋದ್ರ ಸಿಗೂದಿಲ್ಲ.

ಉಡುಪಿ ಹಂಚು

ಮಾಸ್ತರು ಒಳ್ಳೆ ಹೇಳಿದ್ರು. ನಾನು ಗೇರ್ ವಿಷಯ ಮಾತ್ರ ಹೇಳ್ತೇನೆ, ಕೆಲಸದ ಮೇಲೆ ಅಲ್ಲಿಗೆ ಹೋಗಿ ಬರುವುದು ಉಂಟು ನನಗೆ.

ಟ್ರೈಪಾಡ್ ಬೇಡ ಮಾರಾಯ್ರೆ. ಫುಟ್‌ಪಾತಲ್ಲಿ ಕಾಲು ಇಡ್ಲಿಕ್ಕೇ ಜಾಗ ಇಲ್ಲ, ಅದರ ಮೂರು ಕಾಲು ಎಲ್ಲಿ ಇಡ್ತೀರಿ? ಅಲ್ಟ್ರಾವೈಡ್ ಕೂಡ ಬೇಡ ಅಂತ ನನ್ನ ಅಭಿಪ್ರಾಯ, ಬೈಬೇಡಿ. ಕೆಳಗೆ ನಿಂತು ಕ್ಯಾಮೆರಾ ಮೇಲೆ ಎತ್ತಿದ ಕೂಡ್ಲೇ ಎಲ್ಲಾ ಬಿಲ್ಡಿಂಗೂ ಹಿಂದಕ್ಕೆ ಬೀಳುವ ಹಾಗೆ ಕಾಣ್ತದೆ, ಆಮೇಲೆ ಮನೆಗೆ ಬಂದು ಕಂಪ್ಯೂಟರಲ್ಲಿ ನೆಟ್ಟಗೆ ಮಾಡ್ಲಿಕ್ಕೆ ಹೋದ್ರೆ ಅರ್ಧ ಫೋಟೋ ಕಟ್ ಆಗಿ ಹೋಗ್ತದೆ. ನೀವೇ ಮೇಲೆ ಹತ್ತಬೇಕು. ಹಾಂಗ್‌ಕಾಂಗಲ್ಲಿ ಅದು ಸುಲಭ, ಎಲ್ಲಿ ನೋಡಿದ್ರೂ ರಸ್ತೆ ಮೇಲೆ ಪಾದಚಾರಿ ಸೇತುವೆ ಉಂಟು. ಸರ್ಕಾರಿ ಮಾರ್ಕೆಟ್ ಕಟ್ಟಡಗಳಲ್ಲಿ ಕೆಳಗೆ ಮೀನು, ಮೇಲಿನ ಮಹಡಿಯಲ್ಲಿ ಊಟದ ಅಂಗಡಿಗಳು. ಚಹಾ ಹಿಡ್ಕೊಂಡು ಕಿಟಕಿ ಹತ್ತಿರ ಕೂತ್ರೆ ಎದುರಿನ ಮನೆಯ ಮೂರನೇ ಮಾಳಿಗೆ ನಿಮ್ಮ ಕಣ್ಣಿನ ನೇರಕ್ಕೆ ಬರ್ತದೆ. ಕ್ಯಾಮೆರಾ ಮಟ್ಟಸ ಹಿಡಿದು ಕಿಟ್ ಲೆನ್ಸಲ್ಲಿ 35 ರಿಂದ 55 ಒಳಗೆ ತೆಗೆಯಿರಿ, ಗೋಡೆಗಳು ನೆಟ್ಟಗೆ ನಿಲ್ತವೆ. ಎಸಿ ಪೆಟ್ಟಿಗೆ, ನೀರಿನ ಪೈಪು, ಬಟ್ಟೆ ಒಣಗಿಸುವ ಕೋಲು, ತಗಡಿನ ಮಾಡು, ಎಲ್ಲಾ ಒಂದರ ಮೇಲೆ ಒಂದು ಒತ್ತಿ ಕೂತ ಹಾಗೆ ಬರ್ತದೆ. ಆ ಒತ್ತಡವೇ ಆ ಊರು, ವೈಡಲ್ಲಿ ಅದು ಸಿಗುವುದಿಲ್ಲ.

ರಾತ್ರಿ ಬೋರ್ಡುಗಳಿಗೆ: ನಿಯಾನ್ ಈಗ ತುಂಬಾ ಕಮ್ಮಿ ಆಗಿದೆ, ಸುರಕ್ಷತೆ ನಿಯಮ ಅಂತ ಸರ್ಕಾರ ಎಷ್ಟೋ ಬೋರ್ಡು ಇಳಿಸಿದೆ. ಮಾಂಗ್ ಕಾಕ್ ಪೂರ್ತಿ ಕೆಂಪು ನೀಲಿ ಅಂತ ಲೆಕ್ಕ ಹಾಕಿಕೊಂಡು ಹೋದ್ರೆ ಬೇಜಾರಾಗ್ತದೆ. ಉಳಿದದ್ದು ಹೆಚ್ಚಿನವು ಎಲ್‌ಇಡಿ. ಎಲೆಕ್ಟ್ರಾನಿಕ್ ಶಟರಲ್ಲಿ ತೆಗೆದ್ರೆ ಫೋಟೋದಲ್ಲಿ ಅಡ್ಡಪಟ್ಟಿ ಬರ್ತದೆ, ಮೆಕ್ಯಾನಿಕಲ್ ಶಟರ್ ಹಾಕಿ, ಕರೆಂಟ್ ನಮ್ಮ ಹಾಗೇ 50 ಹರ್ಟ್ಸ್, ಆದ್ದರಿಂದ ಶಟರ್ ಸ್ಪೀಡ್ 1/50 ಅಥವಾ 1/100 ಇಟ್ಟರೆ ಸರಿ. ಹಗಲಿಗೆ ಬೆಳಕಿರುವ ಜಾಗಕ್ಕೆ ಮೀಟರ್ ಮಾಡಿ, ನೆರಳು ಕಪ್ಪಾದ್ರೆ ಆಗ್ಲಿ ಬಿಡಿ. ಅಲ್ಲಿ ಬಿಸಿಲು ಬೀದಿಗೆ ಇಳಿಯುವುದೇ ಎರಡು ಬಿಲ್ಡಿಂಗ್ ಸಂದಿಯಿಂದ ಒಂದು ಪಟ್ಟಿ, ಇಪ್ಪತ್ತು ನಿಮಿಷ ಇರ್ತದೆ, ಮತ್ತೆ ಸರೀತದೆ. ಆ ಪಟ್ಟಿ ಎಲ್ಲಿ ಬೀಳ್ತದೆ ನೋಡಿ ಅಲ್ಲೇ ನಿಲ್ಲಿ, ಜನ ಅವರಾಗಿ ಬರ್ತಾರೆ.

ಇನ್ನು ಬಿದಿರಿನ ಸಾರ, ಅಂದ್ರೆ ಕೆಲಸದವರು ನಿಲ್ಲಲಿಕ್ಕೆ ಕಟ್ಟುವ ಅಟ್ಟಣಿಗೆ. ನಮ್ಮಲ್ಲಿ ಕಟ್ಟಡಕ್ಕೆ ಸಾರ ಕಟ್ಟುವ ಹಾಗೆಯೇ, ಆದ್ರೆ ಮೂವತ್ತು ನಲವತ್ತು ಮಹಡಿಗೂ ಬಿದಿರೇ, ನೈಲಾನ್ ಪಟ್ಟಿಯಲ್ಲಿ ಕಟ್ಟುವುದು. ಮೊದಲು ನಾನು ಕಂಡಲ್ಲೆಲ್ಲ ತೆಗೀತಿದ್ದೆ, ಹಸಿರು ಬಲೆ, ಅದರ ಹಿಂದೆ ಮನುಷ್ಯನ ನೆರಳು. 2025ರ ನವೆಂಬರಲ್ಲಿ ತೈ ಪೋದಲ್ಲಿ ರಿಪೇರಿಗೆ ಸಾರ ಬಲೆ ಕಟ್ಟಿದ್ದ ಅಪಾರ್ಟ್‌ಮೆಂಟುಗಳಿಗೆ ಬೆಂಕಿ ಬಿದ್ದು ನೂರಕ್ಕೂ ಮೇಲೆ ಜನ ಹೋದ್ರು. ಅದರ ನಂತರ ಆ ಬಲೆ ಕಂಡ್ರೆ ಕ್ಯಾಮೆರಾ ಎತ್ತಲಿಕ್ಕೆ ನನಗೆ ಮನಸ್ಸಾಗುವುದಿಲ್ಲ. ನೀವು ತೆಗೆಯಬಾರದು ಅಂತ ಅಲ್ಲ. ಅಲ್ಲಿಯವರ ಎದುರು ಅದರ ಫೋಟೋ ತೋರಿಸಿ "ಬ್ಯೂಟಿಫುಲ್" ಅಂತ ಹೇಳ್ಬೇಡಿ, ಅಷ್ಟೇ.

ಸಂತೆಪೇಟೆ ಶಶಿ

ಅಬ್ಬಾ, ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಹದಿನಾಲ್ಕು ಜಾಗ ಐದಕ್ಕೆ ಇಳಿಸಿದೀನಿ. ಅಲ್ಟ್ರಾವೈಡ್ ಬೇಡ ಅಂದ್ಮೇಲೆ ಫ್ರೆಂಡೇ ಫೋನ್ ಮಾಡಿ "ತಗೊಂಡ್ಹೋಗೋ ಮಾರಾಯ" ಅಂತಿದಾನೆ, ಕೇಳಿದಾಗ ಒಂದು ವಾರ ಸತಾಯಿಸಿದ್ದ ಅದೇ ಮನುಷ್ಯ.

ಎರಡು ಡೌಟು. ಒಂದು, ಜನರ ಹತ್ರ ಹೇಗೆ ಕೇಳೋದು, ಬೇಡ ಅಂದ್ರೆ ಹೇಗೆ ಗೊತ್ತಾಗುತ್ತೆ? ಎರಡು, ಕಾಯಬೇಕು ಕಾಯಬೇಕು ಅಂತೀರ, ಆದ್ರೆ ಹಾಂಗ್‌ಕಾಂಗ್ ಫೋಟೋಗ್ರಾಫರ್ ಫ್ಯಾನ್ ಹೋ ಅವರ ಹಳೇ ಕಪ್ಪು-ಬಿಳುಪು ಫೋಟೋಗಳಲ್ಲಿ ಬೆಳಕು, ನೆರಳು, ಮನುಷ್ಯ ಎಲ್ಲ ಅಳ್ದು ಇಟ್ಟಂಗೆ ಇರುತ್ತಲ್ಲ, ಅಷ್ಟು ಕರೆಕ್ಟಾಗಿ ಕಾಯೋಕೆ ನಾಲ್ಕು ದಿನದಲ್ಲಿ ಸಾಧ್ಯಾನಾ?

ಇಟ್ಟಂಗಿ ಮಾಸ್ತರ

ಎರಡನೇದಕ್ಕ ನಾ ಹೇಳ್ತೀನಿ, ನಗಬ್ಯಾಡ್ರಿ. ಗ್ವಾಡಿ ಬಾಜೂಕ ಹುಡುಗಿ ನಿಂತಿರ್ತಾಳ, ಗ್ವಾಡಿ ತುಂಬ ಮೂಲಿಂದ ಮೂಲಿಗೆ ಕತ್ತರಿಸಿದಂಗ ತ್ರಿಕೋನ ನೆಳ್ಳು, 1954ರ ಆ ಫೋಟೋ ನೋಡೀರಲ್ಲ? ಆ ಹುಡುಗಿ ಅವರ ಕಾಕಾನೋ ಮಾವನೋ ಮಗಳು, ಅವರ ಹೇಳಿ ನಿಂದ್ರಿಸಿದ್ದು. ನೆಳ್ಳು ಡಾರ್ಕ್‌ರೂಮಿನ್ಯಾಗ ಕೂಡಿಸಿದ್ದು! ಬಾಕೀ ಫೋಟೋಕ್ಕ ಅವರೂ ತಾಸುಗಟ್ಟಲೆ ಕಾಯ್ದಾರ, ಅದು ಬ್ಯಾರೆ. ಆದ್ರ ನಾಕ ದಿನದಾಗ ನೆಳ್ಳು ಬರಲಿಲ್ಲಂತ ಅಳಬ್ಯಾಡ್ರಿ, ಅವರಿಗೂ ಬಂದಿದ್ದಿಲ್ಲ.

ಡಿಂಗ್‌ಡಿಂಗ್ ಕಾವ್ಯ

ಹಹ್ಹಾ ಮಾಸ್ತರೇ, ಇದು ನಂಗೆ ಗೊತ್ತಿರ್ಲಿಲ್ಲ.

ಶಶಿ, ಮೊದಲ್ನೇದಕ್ಕೆ ನಾನು. ಎರಡೇ ಮಾತು ಕಲ್ತು ಬನ್ನಿ. "ಮ್‌ಗೊಯ್" ಅಂದ್ರೆ ಥ್ಯಾಂಕ್ಸ್, ದಾರಿ ಬಿಡಿ, ಸ್ವಲ್ಪ ಕೇಳಿ, ಎಲ್ಲದಕ್ಕೂ ಅದೇ. "ಮ್ ಹೌ ಯಿಂಗ್" ಅಂದ್ರೆ ಫೋಟೋ ತೆಗೀಬೇಡ. ಎರಡನೇದು ನೀವು ಹೇಳೋಕಲ್ಲ, ಕೇಳಿಸಿಕೊಳ್ಳೋಕೆ. ಕೇಳಿಸಿದ್ರೆ ಕ್ಯಾಮೆರಾ ಇಳಿಸಿ ಒಂದು ಸಲ ತಲೆ ಬಾಗಿಸಿ ಮುಂದೆ ಹೋಗಿ. ಬೀದಿಲಿ ತೆಗೆಯೋದು ತಪ್ಪೇನಲ್ಲ, ಆದ್ರೆ ಬೇಡ ಅಂದ್ಮೇಲೆ ನಿಂತು ವಾದ ಮಾಡೋ ಟೂರಿಸ್ಟ್‌ಗಳನ್ನ ನೋಡಿ ನೋಡಿ ಅಂಗಡಿಯವ್ರು ರೋಸಿಹೋಗಿದಾರೆ. ಸಿಡುಕು ಅಂತ ಕೇಳಿದ್ದೀರಲ್ಲ, ಅದ್ರಲ್ಲಿ ಅರ್ಧ ಇದೇ. ಇನ್ನರ್ಧ ಕ್ಯಾಂಟನೀಸ್ ಮಾತಿನ ಧಾಟಿ, ಊಟ ಆಯ್ತಾ ಅಂತ ಕೇಳಿದ್ರೂ ಜಗಳ ಆಡ್ದಂಗೆ ಕೇಳುತ್ತೆ.

ಯಾವ್ ಮಾ ತೇ ಹಣ್ಣಿನ ಮಂಡಿ ನಿಮ್ಮ ಪಟ್ಟಿಲಿ ಇದ್ರೆ ಹುಷಾರು. 1913ರಿಂದ ಇರೋ ಸಗಟು ಮಾರ್ಕೆಟ್ಟು, ವ್ಯಾಪಾರ ಎಲ್ಲ ರಾತ್ರಿ ಮತ್ತೆ ಬೆಳಗಿನ ಜಾವ. ಕಲ್ಲಿನ ಮುಖದ ಹಳೇ ಕಟ್ಟಡ, ಪೆಟ್ಟಿಗೆ ತುಂಬಿದ ಗಾಡಿಗಳು ನೀವು ಪಕ್ಕಕ್ಕೆ ಹೋಗ್ತೀರ ಅಂತ ಕಾಯದೆ ನುಗ್ಗುತ್ತವೆ, ಕೆಲ್ಸದವ್ರಿಗೆ ಕ್ಯಾಮೆರಾ ಕಂಡ್ರೆ ಆಗಲ್ಲ. ಮೊದಲ ಅರ್ಧ ಗಂಟೆ ಕ್ಯಾಮೆರಾ ಬ್ಯಾಗಲ್ಲೇ ಇರ್ಲಿ.

ಭಾನುವಾರ ನೀವಿದ್ರೆ ಸೆಂಟ್ರಲ್ ಅನ್ನೋ ಬ್ಯಾಂಕುಗಳ ಏರಿಯಾಗೆ ಹೋಗಿ, ಎಚ್‌ಎಸ್‌ಬಿಸಿ ಮೇನ್ ಬಿಲ್ಡಿಂಗ್. ನಾರ್ಮನ್ ಫಾಸ್ಟರ್ ಮಾಡಿದ್ದು, 1985ರದ್ದು, ನೆಲದ ಮಟ್ಟ ಪೂರ್ತಿ ಖಾಲಿ ಬಿಟ್ಟು ಮೇಲೆ ಕಟ್ಟಡ ತೂಗುಹಾಕ್ದಂಗೆ ಇದೆ. ಆ ಖಾಲಿ ಜಾಗದಲ್ಲಿ ಭಾನುವಾರ ಮನೆಗೆಲ್ಸದ ಫಿಲಿಪೀನ್ಸ್ ಹೆಂಗಸ್ರು ರಟ್ಟು ಹಾಸ್ಕೊಂಡು ಕೂತಿರ್ತಾರೆ, ಡಬ್ಬಿ ಬಿಚ್ಚಿ ಊಟ, ಒಬ್ರಿಗೊಬ್ರು ಉಗುರು ಕತ್ತರಿಸೋದು, ಊರಿಗೆ ಕಳಿಸೋ ಪೆಟ್ಟಿಗೆ ಕಟ್ಟೋದು, ವಿಡಿಯೋ ಕಾಲು. ವಾರಕ್ಕೆ ಒಂದೇ ರಜ, ಇರೋದು ಮಾಲೀಕರ ಮನೇಲಿ, ಕೂತ್ಕೊಳ್ಳೋಕೆ ಇನ್ನೆಲ್ಲಿಗೆ ಹೋಗ್ತಾರೆ ಹೇಳಿ. ಬ್ಯಾಂಕ್ ಕಟ್ಟಡದ ಫೋಟೋ ಅಂದ್ರೆ ಎಲ್ರೂ ಕತ್ತೆತ್ತಿ ಸ್ಟೀಲ್ ತೆಗೀತಾರೆ. ನೀವು ಅವ್ರ ಪಕ್ಕ ಕೂತ್ಕೊಂಡು ಮಾತಾಡಿ, ಅವ್ರಿಗೆ ಇಂಗ್ಲಿಷ್ ಬರುತ್ತೆ, ಕೇಳಿದ್ರೆ ಒಪ್ಪೋರು ಒಪ್ತಾರೆ. ಪಕ್ಕದಲ್ಲೇ ಐ.ಎಂ. ಪೇಯ್ ಮಾಡಿದ ಬ್ಯಾಂಕ್ ಆಫ್ ಚೈನಾ ಟವರ್, 1990ರದ್ದು. ಅದರ ಚೂಪು ಅಂಚು ಚಾಕು ತರ ಈ ಕಡೆ ತಿರುಗಿದೆ, ವಾಸ್ತು ಸರಿ ಇಲ್ಲ ಅಂತ ಊರೆಲ್ಲ ಮಾತು. ಅದಕ್ಕೆ ಉತ್ತರವಾಗಿ ಎಚ್‌ಎಸ್‌ಬಿಸಿಯವ್ರು ಮಾಳಿಗೆ ಮೇಲೆ ಫಿರಂಗಿ ತರ ಕಾಣೋ ಕ್ರೇನ್ ಇಟ್ರು ಅಂತ ಕಥೆ ಕಟ್ತಾರೆ. ವಾಸ್ತು ಜಗಳ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ರಾ?

ಬೆಳಗ್ಗೆ ಸೆಂಟ್ರಲಲ್ಲೇ ಇದ್ರೆ ಬೆಟ್ಟದ ಮನೆಗಳಿಗೆ ಹೋಗೋ ಎಸ್ಕಲೇಟರ್ ನೋಡಿ, 1993ರದ್ದು, 800 ಮೀಟರ್ ಉದ್ದ. ಬೆಳಗ್ಗೆ ಹತ್ತರ ತನಕ ಕೆಳಗೆ ಮಾತ್ರ ಇಳಿಯುತ್ತೆ, ಆಫೀಸಿಗೆ ಹೋಗೋರಿಗೆ, ಹತ್ತಾದ್ಮೇಲೆ ತಿರುಗಿ ಮೇಲೆ ಹತ್ತುತ್ತೆ. ಹತ್ತಕ್ಕೆ ಮುಂಚೆ ಮೇಲೆ ಹೋಗ್ಬೇಕು ಅಂದ್ರೆ ಮೆಟ್ಲೇ ಗತಿ, ನಮ್ಮಪ್ಪ ಬಂದಾಗ ಅದನ್ನ ಮರ್ತು ಅವ್ರ ಮಂಡಿ ಹಾಳು ಮಾಡಿದೀನಿ.

ಸಂತೆಪೇಟೆ ಶಶಿ

ಬಂದೆ. ಮೂರು ವಾರ ಆಯ್ತು, ಬರ್ದಿರ್ಲಿಲ್ಲ, ಕ್ಷಮಿಸಿ.

ಲೆಕ್ಕ ಒಪ್ಪಿಸ್ತೀನಿ. ಐದು ಜಾಗ ಅಂದಿದ್ದೆ, ಆಗಿದ್ದು ಮೂರು. ಮೊದಲ್ನೇ ದಿನ ಪೀಕ್‌ಗೆ ಹೋದೆ, ಮೋಡ, ಬಿಳೀ ಗೋಡೆ ಮುಂದೆ ನಿಂತಂಗೆ, ಒಂದು ಫೋಟೋನೂ ಇಲ್ಲ. ಅದೇ ರಾತ್ರಿ ಹಣ್ಣಿನ ಮಂಡಿಗೆ ಹೋದೆ, ಕಾವ್ಯ ಅವ್ರು ಅರ್ಧ ಗಂಟೆ ಅಂದಿದ್ರು, ನಾನು ಹತ್ತೇ ನಿಮಿಷಕ್ಕೆ ಕ್ಯಾಮೆರಾ ತೆಗ್ದೆ, ಬನಿಯನ್ ಹಾಕಿದ್ದ ಒಬ್ರು ಗಾಡಿ ನಿಲ್ಲಿಸಿ "ಮ್ ಹೌ ಯಿಂಗ್" ಅಂತ ಕಿರುಚಿದ್ರು, ಎಷ್ಟು ಚೆನ್ನಾಗಿ ಅರ್ಥ ಆಯ್ತು ಅಂದ್ರೆ ಅಲ್ಲಿಂದ ಸೀದಾ ಹೋಟೆಲ್‌ಗೆ. ಭಾಷೆ ಕಲ್ತು ಹೋಗಿದ್ದಕ್ಕೆ ಆದ ಮೊದಲ ಲಾಭ.

ಎರಡನೇ ದಿನ ಬೆಳಗ್ಗೆ ಏಳೂವರೆಗೆ ಚುನ್ ಯೆಂಗ್ ಸ್ಟ್ರೀಟ್. ಅವತ್ತು ಮಧ್ಯಾಹ್ನದ ತನಕ ಅಲ್ಲೇ, ಮೂರನೇ ದಿನ ಮತ್ತೆ ಅಲ್ಲೇ. ಮೊದಲ ಹತ್ತು ಟ್ರಾಮಿಗೆ ನಾನು ಟ್ರಾಮ್‌ನೇ ತೆಗೀತಿದ್ದೆ, ಎಲ್ಲಾ ಒಂದೇ ತರ, ಹಸಿರು ಡಬ್ಬಿ ಮಧ್ಯೆ ಬಂದು ನಿಂತಂಗೆ. ಆಮೇಲೆ ಟ್ರಾಮಿಗೆ ಬೆನ್ನು ಹಾಕಿ ನಿಂತೆ. ಆವಾಗ ಕಂಡಿದ್ದು ಏನಂದ್ರೆ, ಬೆಲ್ ಹೊಡೆದ ತಕ್ಷಣ ಎಲ್ರೂ ಒಂದು ಹೆಜ್ಜೆ ಪಕ್ಕಕ್ಕೆ ಸರೀತಾರಲ್ಲ, ಆ ಹೆಜ್ಜೆಲಿ ಎಲ್ರೂ ಕೈಲಿರೋ ಚೀಲನ ಒಳಗಡೆ ಕೈಗೆ ಬದಲಾಯಿಸ್ಕೋತಾರೆ, ಒಟ್ಟಿಗೆ, ಯಾರೋ ಹೇಳಿಕೊಟ್ಟಂಗೆ. ಟ್ರಾಮಿಗೆ ಚೀಲ ತಗುಲಬಾರ್ದು ಅಂತ. ಅದನ್ನ ಹಿಡ್ಯೋಕೆ ನಲವತ್ತು ಟ್ರಾಮ್ ಬೇಕಾಯ್ತು. 23 ಎಂಎಂ, ಎಫ್ 8, 1/250. ಒಂದು ಫೋಟೋಲಿ ಆರು ಚೀಲ ಗಾಳೀಲಿ ಇದಾವೆ, ಐದು ಕೆಂಪು, ಒಂದು ನೀಲಿ.

ಅಲ್ಲಿ ಸೊಪ್ಪು ಮಾರೋ ಅಜ್ಜಿ ಒಬ್ರು ಎರಡನೇ ದಿನ ಮುಖ ತಿರುಗಿಸ್ಕೊಂಡ್ರು. ನಾನು ಕ್ಯಾಮೆರಾ ಇಳಿಸ್ದೆ. ಮೂರನೇ ದಿನ ಬೆಳಗ್ಗೆ ನನ್ನ ನೋಡಿ ಪಕ್ಕದ ಅಂಗಡಿಯವ್ರಿಗೆ ಏನೋ ಹೇಳಿ ಇಬ್ರೂ ನಕ್ಕರು, ಏನಂದ್ರೋ ಗೊತ್ತಿಲ್ಲ, ನಾನು ಮ್‌ಗೊಯ್ ಅಂದೆ. ಆಮೇಲೆ ಅವ್ರೇ ಒಂದು ಪ್ಲಾಸ್ಟಿಕ್ ಸ್ಟೂಲ್ ತಳ್ಳಿದ್ರು, ನಾನು ಕಂಬಿಗೆ ತೀರಾ ಹತ್ರ ನಿಂತಿದ್ದೆ ಅನ್ಸುತ್ತೆ. ಸ್ಟೂಲ್ ಮೇಲೆ ಕೂತು ಕೇಳಿದೆ, ಕೈ ಸನ್ನೇಲಿ. ಒಂದೇ ಒಂದು ಫೋಟೋಗೆ ಒಪ್ಪಿದ್ರು, ಅದಕ್ಕೂ ಮುಂಚೆ ಏಪ್ರನ್ ಬಿಚ್ಚಿ ಕೂದಲು ಸರಿ ಮಾಡ್ಕೊಂಡ್ರು. ನಂಗೆ ಏಪ್ರನ್ ಬೇಕಿತ್ತು! ಆದ್ರೆ ಹೇಳೋಕೆ ಮಾತು ಬರ್ಲಿಲ್ಲ, ಬರದಿದ್ದೇ ಒಳ್ಳೇದಾಯ್ತು.

ನಾಲ್ಕನೇ ದಿನ ಮಾಸ್ತರ ದುಂಡು ಮನೆಗೆ ಹೋದೆ, ಎದುರು ಫುಟ್‌ಪಾತಲ್ಲಿ ನಿಂತ್ರೆ ಬಸ್ಸೇ ಬಸ್ಸು. ಉಡುಪಿಯವ್ರು ಹೇಳಿದಂಗೆ ಮೇಲೆ ಹತ್ತೋಕೆ ಸೇತುವೆ ಹುಡುಕಿ 55ರಲ್ಲಿ ತೆಗ್ದೆ. ಪರವಾಗಿಲ್ಲ. ಮನೇಲಿ ಎಲ್ಲ ಗೊತ್ತಾಯ್ತು, ಸಾವಿರದಿನ್ನೂರು ಫೋಟೋಲಿ ಒಂದ್ರಲ್ಲೂ ಮೀಟಿಂಗ್ ಇಲ್ವಲ್ಲ ಅಂದ್ರು.

ಕಾವ್ಯ ಅವ್ರೇ, ಒಂದು ಸಹಾಯ. ಅಜ್ಜಿ ಫೋಟೋ ಪ್ರಿಂಟ್ ಹಾಕಿಸಿ ನಿಮ್ಗೆ ಕೊರಿಯರ್ ಮಾಡ್ಲಾ? ಅವ್ರಿಗೆ ಕೊಡ್ತೀರಾ?

ಡಿಂಗ್‌ಡಿಂಗ್ ಕಾವ್ಯ

ಕೊರಿಯರ್ ಯಾಕೆ, ಫೈಲ್ ಕಳಿಸಿ, ಇಲ್ಲೇ ಪ್ರಿಂಟ್ ಹಾಕಿಸ್ತೀನಿ. ಶನಿವಾರ ಬೆಳಗ್ಗೆ ನಾನು ತರಕಾರಿ ತರೋದು ಅಲ್ಲಿಂದ್ಲೇ. ಆದ್ರೆ ಸೊಪ್ಪಿನ ಅಜ್ಜಿಯಂದಿರು ಆ ಬೀದಿಲಿ ಕಮ್ಮಿ ಅಂದ್ರೂ ಏಳೆಂಟು ಜನ ಇದಾರೆ. ಯಾವ ಕಡೆ, ಗುರುತೇನು?

ಸಂತೆಪೇಟೆ ಶಶಿ

ಟ್ರಾಮ್ ಬರೋ ದಿಕ್ಕಿಗೆ ಮುಖ ಮಾಡಿ ನಿಂತ್ರೆ ಎಡಗಡೆ. ಮೀನಿನಂಗಡಿ ಆದ್ಮೇಲೆ ಎರಡನೇದು, ಮೇಲೆ ಹಸಿರು ಟಾರ್ಪಾಲು, ಕೆಂಪು ಬುರುಡೆ ಲೈಟು ಎರಡು, ಅದ್ರಲ್ಲಿ ಒಂದು ಉರಿಯಲ್ಲ. ನೀಲಿ ಸ್ಟೂಲು.